ಮೇಸ್ತ್ರಿ ತಟ್ಟಿದ ಮನೆಗಳು

ಮಹಡಿಯ ಕೋಣೆಯ ನೆಲ ಕಾಲಡಿಯಲ್ಲಿ ಮೆತ್ತಗಾಗಿದೆ ಎಂದು ಸೊಸೆ ಮೊದಲು ಬಾಯಿಬಿಟ್ಟದ್ದು ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಆ ಮನೆಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಆ ನೆಲದ ತೊಲೆಗಳನ್ನು ಕೊಯ್ದು, ಹಲಗೆಗಳನ್ನು ಜೋಡಿಸಿ, ಮೆಟ್ಟಿಲು ಕಿಟಕಿಗಳನ್ನೆಲ್ಲ ಕೈಯಾರೆ ಮಾಡಿದ ಮಾವ ಎದುರಿಗೇ ಕೂತು ಅನ್ನ ಕಲಸುತ್ತಿದ್ದರು.

"ಮಷೀನು ತುಳಿಯುವಾಗ ನೆಲ ಕೆಳಗೆ ಹೋಗಿ ಮೇಲೆ ಬರುತ್ತೆ. ಹಾಸಿಗೆ ಮೇಲೆ ಕೂತು ಹೊಲಿದ ಹಾಗೆ ಆಗುತ್ತೆ," ಎಂದಳು.

"ಹಳೇ ಮನೆ. ಸ್ವಲ್ಪ ಅಲ್ಲಾಡುತ್ತೆ," ಎಂದ ಗಂಡ, ತಟ್ಟೆಯಿಂದ ತಲೆ ಎತ್ತದೆ.

"ಮೂಲೇಲಿ ಅಣಬೆ ಎದ್ದಿದೆ. ಹಳೇ ಮನೆ ಅಂದ್ರೆ ಅಣಬೇನೂ ಬರುತ್ತಾ?"

ಅತ್ತೆ ಮಾವನ ಕಡೆ ಪೂರ್ತಿ ತಿರುಗಿ ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಮಹಡಿ ತೊಲೆ ಒಂದ್ಸಲ ನೋಡಬೇಕಂತೆ. ಸೊಸೆ ಹೇಳ್ತಿದ್ದಾಳೆ."

ಅತ್ತೆ ಹೀಗೆ ಎಲ್ಲರ ಮಾತನ್ನೂ ಮಾವನಿಗೆ ಮತ್ತೊಮ್ಮೆ ದಾಟಿಸುವುದು ಮನೆಯಲ್ಲಿ ಹಳೆಯ ರೂಢಿ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡಹೆಂಡಿರ ಸಲಿಗೆ ಎಂದು ಸೊಸೆ ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ.

ಮಾವ ಕೈ ತೊಳೆದು ಮಹಡಿ ಹತ್ತಿದರು. ಮೊಣಕಾಲೂರಿ, ತೊಲೆಯ ಉದ್ದಕ್ಕೂ ಬಲಗೈಯ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತ ಹೋದರು. ಗೋಡೆಯ ಹತ್ತಿರ ಒಂದು ಕ್ಷಣ ನಿಂತು ಮತ್ತೆ ತಟ್ಟಿದರು. ಸೊಸೆಗೆ ಅಲ್ಲಿನ ಸದ್ದು ಬೇರೆಯಾಗಿ ಕೇಳಿಸಿತು. ಹಿಟ್ಟಿನ ಚೀಲ ತಟ್ಟಿದ ಹಾಗೆ, ಸತ್ತ ಸದ್ದು.

"ಗಟ್ಟಿ ಇದೆ," ಎಂದರು ಮಾವ.

ಅಲ್ಲಿಗೆ ಆ ಮಾತು ಮುಗಿಯಿತು. ಆ ಬೀದಿಯಲ್ಲಷ್ಟೇ ಅಲ್ಲ, ಊರಿನ ಅರ್ಧ ಭಾಗದಲ್ಲಿ ಮಾವನ ಗೆಣ್ಣೆಂದರೆ ನ್ಯಾಯಾಧೀಶರ ತೀರ್ಪು. ಕೀಲುನೋವಿನಿಂದ ಉಳಿ ಹಿಡಿಯಲಾರದೆ ಕೆಲಸವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೂ ಜನ ಅವರನ್ನು ಬಿಟ್ಟಿರಲಿಲ್ಲ. ಮಳೆ ನಿಂತಿತೆಂದರೆ ಒಬ್ಬರಾದ ಮೇಲೊಬ್ಬರು ಬಂದು, "ಮೇಸ್ತ್ರಿ, ನಮ್ಮ ಮಹಡಿ ಒಂದ್ಸಲ ತಟ್ಟಿ ನೋಡಿ ಹೋಗಿ" ಎಂದು ಕರೆಯುತ್ತಿದ್ದರು. ಮಾವ ಒಗೆದ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು, ಹಿಂದೆಯೇ ಅತ್ತೆ. ಆ ದಿನಗಳಲ್ಲಿ ಮಾವನ ಬೆನ್ನು ನೆಟ್ಟಗಾಗುತ್ತಿತ್ತು.

ಆದರೆ ಮಷೀನು ತುಳಿಯುವ ಕಾಲು ಸೊಸೆಯದು. ಮಾರನೇ ವಾರ ನೆಲ ಇನ್ನಷ್ಟು ಬಾಗಿತು. ಮಷೀನಿನ ಒಂದು ಕಾಲಿನಡಿ ರಟ್ಟು ಮಡಚಿಟ್ಟಳು, ಆಮೇಲೆ ಇನ್ನೊಂದು ರಟ್ಟು. ಒಂದು ದಿನ ಮಳೆ ಬರುವಾಗ ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಸೂರಿನ ನೀರು ಹರಿದು ಹೋಗಲು ಕಟ್ಟಿದ ತಗಡಿನ ದೋಣಿ ಬಿರುಕು ಬಿಟ್ಟಿತ್ತು. ನೀರೆಲ್ಲ ಸೀದಾ ಗೋಡೆಗೆ ಇಳಿಯುತ್ತಿತ್ತು, ಅದೂ ತೊಲೆಯ ತುದಿ ಗೋಡೆಯೊಳಗೆ ಹುದುಗಿದ್ದ ಜಾಗಕ್ಕೇ. ಒಳಗಿನಿಂದ ಕೈಯಿಟ್ಟರೆ ಗೋಡೆ ತಣ್ಣಗೆ ಜಿನುಗುತ್ತಿತ್ತು.

ಗಂಡ ದೋಣಿಗೆ ಗೋಣಿತಾಟು ತುರುಕಿದ. ಆಮೇಲೆ ತನ್ನ ಪೀಠೋಪಕರಣದ ಅಂಗಡಿಯಿಂದ ಹೊಳಪು ಬಣ್ಣದ ಡಬ್ಬ ತಂದು ತೊಲೆಗೆ ಕೆಳಗಿನಿಂದ ಬಳಿಯತೊಡಗಿದ. ಸೊಸೆ ಏಣಿ ಹಿಡಿದು ನಿಂತಿದ್ದಳು.

"ಒದ್ದೆ ಮರಕ್ಕೆ ಬಣ್ಣ ಬಳಿದ್ರೆ ಒಳಗಿರೋ ನೀರು ಎಲ್ಲಿಂದ ಹೋಗ್ಬೇಕು?"

"ಬಟ್ಟೆ ಹೊಲಿಯೋಳು ನಂಗೆ ಮರದ ಪಾಠ ಹೇಳ್ತೀಯಾ?"

"ಒದ್ದೆ ಬಟ್ಟೆ ಮಡಚಿ ಪೆಟ್ಟಿಗೇಲಿ ಇಟ್ರೆ ಏನಾಗುತ್ತೆ ಅಂತ ನಂಗೆ ಗೊತ್ತು. ಮರಕ್ಕೆ ಬೇರೆ ನ್ಯಾಯಾನಾ?"

"ಅಪ್ಪ ಗಟ್ಟಿ ಅಂದಿದಾರೆ. ಅವರು ಅಂದ ಮೇಲೆ ನಾನ್ಯಾರು, ನೀನ್ಯಾರು?"

"ಒಂದು ದಬ್ಬಳ ತಗೊಂಡು ಚುಚ್ಚಿ ನೋಡೋಕೂ ಆಗಲ್ವಾ ನಿಮಗೆ?"

ದಬ್ಬಳವೆಂದರೆ ಮರದಲ್ಲಿ ತೂತಿಗೆ ಗುರುತು ಹಾಕುವ ಚೂಪು ಕಬ್ಬಿಣ. ಅದನ್ನು ಅಪ್ಪ ತಟ್ಟಿ ನೋಡಿದ ಮರಕ್ಕೆ ಚುಚ್ಚುವುದೆಂದರೆ ಅಪ್ಪನ ಮಾತನ್ನೇ ಚುಚ್ಚಿದ ಹಾಗೆ. ಗಂಡ ಬಣ್ಣ ಬಳಿಯುತ್ತಲೇ ಹೋದ. ಒಲೆಯ ಹತ್ತಿರದಿಂದ ಅತ್ತೆ ಕೇಳಿಸಿಕೊಂಡಿದ್ದರು.

"ನಾಳೆಯಿಂದ ಮಷೀನು ಕೆಳಗೆ ತಂದಿಟ್ಕೊ. ಮಾವನ ಮೇಲೆ ಮಾತ್ರ ಮಾತು ತರಬೇಡ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಇನ್ನೇನೋ ಇತ್ತು. ಸೊಸೆಗೆ ಆಗ ಅದು ತಿಳಿಯಲಿಲ್ಲ. ಕಬ್ಬಿಣದ ಕಾಲಿನ ಆ ಮಷೀನನ್ನು ಇಳಿಸಲು ನಾಲ್ಕು ಜನ ಬೇಕು. ಗಂಡ ಇವತ್ತು ನಾಳೆ ಎಂದ. ದಿನಗಳು ಹೋದವು.

ಅದಾದದ್ದು ಬಿಸಿಲು ಚೆನ್ನಾಗಿ ಬಿದ್ದಿದ್ದ ಒಂದು ಮಧ್ಯಾಹ್ನ. ಮಗಳು ಪುಟ್ಟಿ ಶಿಶುವಿಹಾರಕ್ಕೆ ಹೋಗಿದ್ದಳು. ಉಳಿದವರು ಅಡುಗೆಮನೆಯ ಮೇಜಿನಲ್ಲಿ ಊಟಕ್ಕೆ ಕೂತಿದ್ದರು. ಅತ್ತೆ ಬೇಳೆಯ ಪಾತ್ರೆ ಹಿಡಿದು ಬಡಿಸುತ್ತಿದ್ದರು.

ಮೊದಲು ತಲೆಯ ಮೇಲೆ ಯಾರೋ ದೊಡ್ಡ ಬಾಗಿಲನ್ನು ಮೆಲ್ಲಗೆ ತೆರೆದ ಹಾಗೆ ಒಂದು ನರಳಾಟ. ಗಂಡ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿದ. ಆಮೇಲೆ ಚಟ್ಟೆಂದು ಒಂದು ಸದ್ದು, ಪಕ್ಕದ ಮನೆಯ ನಾಯಿಯೂ ಬೊಗಳುವಷ್ಟು. ಅತ್ತೆ ಪಾತ್ರೆ ಹಿಡಿದಂತೆಯೇ ಹಿತ್ತಲ ಬಾಗಿಲಿಗೆ ಹಾರಿದರು. ಸೊಸೆ ಕುರ್ಚಿ ತಳ್ಳಿ ಎದ್ದಳು. ಹಲಗೆಗಳ ಸಂದಿನಿಂದ ಕಂದು ಪುಡಿ ಸುರಿಯುತ್ತಿತ್ತು.

"ಮಾವ, ಏಳಿ. ಏಳಿ ಮಾವ," ಎಂದು ಕಿರುಚಿದಳು.

ಮಾವ ಏಳಲಿಲ್ಲ. ಅನ್ನದ ಮೇಲೆ ಬಿದ್ದ ಪುಡಿಯ ಒಂದು ಚೂರನ್ನು ಬೆರಳಿನಲ್ಲಿ ಎತ್ತಿಕೊಂಡು, ಇದೇನು ಎಂಬಂತೆ ತಿಕ್ಕಿ ನೋಡುತ್ತಿದ್ದರು. ಮೇಲೆ ಇನ್ನೊಂದು ಸಲ ತೊಲೆ ಸಿಡಿಯಿತು. ಮಾವನ ಕಣ್ಣು ಆ ಚೂರಿನಿಂದ ಕದಲಲಿಲ್ಲ.

ಗಂಡ ಮೇಜಿನ ಮೇಲಿನಿಂದಲೇ ಬಾಗಿ, ಅಪ್ಪನ ಕಂಕುಳಿಗೆ ಕೈಹಾಕಿ, ಕುರ್ಚಿ ಸಮೇತ ಎಳೆದ. ಇಬ್ಬರೂ ಗೋಡೆಯ ಬುಡಕ್ಕೆ ಬಿದ್ದರು. ಅದೇ ಉಸಿರಿನಲ್ಲಿ ಮಹಡಿಯ ಮೂಲೆ ಕಳಚಿ, ಹಲಗೆ, ಗೋಡೆಯ ಸುಣ್ಣ, ಬಟ್ಟೆಯ ಗಂಟು, ಕಬ್ಬಿಣದ ಮಷೀನು ಎಲ್ಲವೂ ಮೇಜಿನ ಮೇಲೆ ಬಂದು ಬಿದ್ದವು. ಮೇಜು ಎರಡಾಯಿತು. ಮಾವ ಕೂತಿದ್ದ ಜಾಗದಲ್ಲಿ ಮಷೀನಿನ ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು.

"ಏನೋ ಇದು, ಊಟದ ಮಧ್ಯೆ ಹುಚ್ಚಾಟ?" ಎಂದು ಮಾವ ಮಗನನ್ನು ಗದರಿಕೊಂಡರು. ಆಮೇಲೆ ತಿರುಗಿ ನೋಡಿದರು.

ಧೂಳು ಇಳಿದ ಮೇಲೆ ಮಾವ ಮುರಿದ ತೊಲೆಯ ತುದಿಯನ್ನು ನೋಡಿದರು, ತಲೆಯ ಮೇಲಿನ ತೂತನ್ನು ನೋಡಿದರು, ಮಗನ ಬಿಳಿಚಿದ ಮುಖವನ್ನು ನೋಡಿದರು.

"ಸದ್ದು ಆಯ್ತಾ?" ಎಂದು ಕೇಳಿದರು.

  ಸೊಸೆ ಮಾವನ ಬೆನ್ನ ಹಿಂದೆ ಹೋಗಿ ನಿಂತು, "ಮಾವ" ಎಂದಳು. ಅವರು ತಿರುಗಲಿಲ್ಲ. "ಮಾವ, ಇಲ್ಲಿ ನೋಡಿ," ಎಂದು ಜೋರಾಗಿ ಅಂದಳು. ಅವರು ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಬೇಳೆಯ ಪಾತ್ರೆಯನ್ನು ನೆಲಕ್ಕಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡರು.

ಗಂಡ ಇನ್ನೂ ನೆಲದಲ್ಲೇ ಕೂತಿದ್ದ. ಪಕ್ಕದಲ್ಲಿ ಬಿದ್ದಿದ್ದ ತೊಲೆಯ ತುದಿಯನ್ನು ಮುಟ್ಟಿದ. ಹೊರಗೆ ಹೊಳಪು ಬಣ್ಣದ ಸಿಪ್ಪೆ ನೆಟ್ಟಗಿತ್ತು. ಒಳಗಿನ ಮರ ನೆನೆದ ಬ್ರೆಡ್ಡಿನಂತೆ ಬೆರಳಿಗೆ ಬಂತು.

ಸೊಸೆ ಬಾಗಿಲ ಕಡೆ ತಿರುಗಿದಳು.

"ಪುಟ್ಟಿ ಶಿಶುವಿಹಾರದ ಜಗಲಿ," ಎಂದಳು. "ಮೇಲಿನದು. ಹೋದ ತಿಂಗಳು ಮಾವನೇ ತಟ್ಟಿ ನೋಡಿ ಗಟ್ಟಿ ಅಂದು ಬಂದರು."

ಗಂಡ ಸಲಕರಣೆಯ ಪೆಟ್ಟಿಗೆಯಿಂದ ದಬ್ಬಳ ಕಿತ್ತುಕೊಂಡು ಓಡಿದ. ಸೊಸೆ ಬರಿಗಾಲಿನಲ್ಲಿ ಹಿಂದೆ ಓಡಿದಳು. ಬೀದಿಯವರು ಇವರ ತಲೆ ತುಂಬ ಸುಣ್ಣದ ಪುಡಿ ನೋಡಿ ದಾರಿ ಬಿಟ್ಟರು.

ಶಿಶುವಿಹಾರದಲ್ಲಿ ಊಟದ ಬಿಡುವು. ಮಕ್ಕಳೆಲ್ಲ ಮೇಲಿನ ಮರದ ಜಗಲಿಯಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚಿದ್ದರು. ಪುಟ್ಟಿ ಕಟಕಟೆಯ ಸಂದಿನಿಂದ ಕಾಲು ಹೊರಗೆ ಇಳಿಬಿಟ್ಟಿದ್ದಳು. ಅಮ್ಮನನ್ನು ಕಂಡು ಕೈಬೀಸಿದಳು.

"ಟೀಚರ್, ಮಕ್ಕಳನ್ನ ಒಳಗೆ ಕಳಿಸಿ. ಓಡಿಸಬೇಡಿ. ಒಬ್ಬೊಬ್ಬರಾಗಿ," ಎಂದಳು ಸೊಸೆ. ಮಕ್ಕಳು ಹೆದರಬಾರದೆಂದು ದನಿ ತಗ್ಗಿಸಿದ್ದಳು.

"ಯಾಕಮ್ಮ? ನಿಮ್ಮ ಮಾವನವರೇ ನೋಡಿ ಹೋಗಿದ್ದಾರಲ್ಲ. ಗಟ್ಟಿ ಇದೆ ಅಂದರು."

"ಮೊದಲು ಮಕ್ಕಳು ಒಳಗೆ ಹೋಗಲಿ. ಆಮೇಲೆ ಹೇಳ್ತೀನಿ."

ಟೀಚರ್ ಇವಳ ಮುಖ ನೋಡಿ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿದರು. ಕೊನೆಯ ಮಗು ಹೊಸ್ತಿಲು ದಾಟಿದ ಮೇಲೆ ಗಂಡ ಕೆಳಗೆ ಜಗಲಿ ಹೊತ್ತ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಕಂಬ ನೇರವಾಗಿ ಮಣ್ಣಿಗೆ ಇಳಿದಿತ್ತು. ಕೈತೊಳೆಯುವ ನಲ್ಲಿಯ ನೀರು ಅದರ ಬುಡದಲ್ಲೇ ನಿಲ್ಲುತ್ತಿತ್ತು. ಹೊಸ ನೀಲಿ ಬಣ್ಣ ಫಳಫಳ ಹೊಳೆಯುತ್ತಿತ್ತು. ದಬ್ಬಳವಿಟ್ಟು ಒತ್ತಿದ. ಬೆಣ್ಣೆಗೆ ಚಾಕು ಇಳಿದ ಹಾಗೆ ಹಿಡಿಯವರೆಗೂ ಹೋಯಿತು. ಹೊರಗೆ ಎಳೆದಾಗ ತೂತಿನಿಂದ ಕಂದು ನೀರು ಜಿನುಗಿತು.

ಟೀಚರ್ ಜಗಲಿಯ ಬಾಗಿಲಿಗೆ ಬೀಗ ಹಾಕಲು ಓಡಿದರು. ಸೊಸೆ ಒಳಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡಳು. ಮಗುವಿನ ಕೈಯಲ್ಲಿ ಅರ್ಧ ತಿಂದ ಮೊಟ್ಟೆಯಿತ್ತು. "ಅಮ್ಮ, ನಿನ್ನ ಕೂದಲೆಲ್ಲ ಬಿಳಿಯಾಗಿದೆ," ಎಂದಿತು.

ಮನೆಗೆ ಬಂದಾಗ ಮಾವ ಅಂಗಳದಲ್ಲಿ ತೊಲೆಯ ತುಂಡಿನ ಪಕ್ಕ ಕೂತಿದ್ದರು. ಗಂಡ ಎದುರಿಗೆ ಕೂತು, ಮುಖಕ್ಕೆ ಮುಖವಿಟ್ಟು, ಶಿಶುವಿಹಾರದಲ್ಲಿ ಕಂಡದ್ದನ್ನು ಹೇಳಿದ. ಮಾವ ಅವನ ತುಟಿಯನ್ನೇ ನೋಡುತ್ತಿದ್ದರು.

"ಈಚೆಗೆ ಜನ ಬಾಯೊಳಗೇ ಮಾತಾಡ್ತಾರೆ ಅಂದ್ಕೊಂಡಿದ್ದೆ," ಎಂದರು. "ಮರ ತಟ್ಟಿದ್ರೆ ಗೆಣ್ಣಿಗೆ ಗೊತ್ತಾಗುತ್ತಿತ್ತು. ಸದ್ದೂ ಕೇಳಿಸ್ತು ಅಂತಲೇ ಅನಿಸ್ತಿತ್ತು."

"ನಿಮಗೆ ಕೇಳಿಸಲ್ಲ ಅಂತ ನಂಗೆ ಗೊತ್ತಿತ್ತು," ಎಂದರು ಅತ್ತೆ.

ಅವರು ಮಾವನ ಪಕ್ಕಕ್ಕೆ ನಿಂತು ಹೇಳಿದ್ದರಿಂದ ಅದು ಮಾವನಿಗೆ ಮುಟ್ಟಲಿಲ್ಲ. ಮುಟ್ಟಿದ್ದು ಮಗನಿಗೆ.

"ಏನಂದೆ?"

"ಒಂದು ದಿನ ಇವರ ಹಿಂದೆ ಕೊಡಪಾನ ಬಿತ್ತು. ಇವರು ತಿರುಗಲಿಲ್ಲ. ಆವತ್ತಿಂದ ಗೊತ್ತು."

"ಗೊತ್ತಿದ್ದೂ ಊರೆಲ್ಲ ಕರ್ಕೊಂಡು ಹೋದ್ಯಾ? ಶಿಶುವಿಹಾರಕ್ಕೂ?"

"ಕೈ ಹೋದ ಮೇಲೆ ಇವರಿಗೆ ಉಳಿದಿದ್ದು ಅದೊಂದೇ ಕಣೋ. ಅದೂ ಹೋದ್ರೆ ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ ಅಂತ." ಅತ್ತೆ ಮಾವನ ಕಡೆ ನೋಡಿದರು. "ಜನ ಮಾತಾಡಿದ್ದನ್ನ ಇವರಿಗೆ ದಾಟಿಸಿದ್ರೆ ಸಾಕು ಅಂದ್ಕೊಂಡೆ. ಮರದ ಸದ್ದು ನನ್ನ ತಲೆಗೇ ಹೋಗಲಿಲ್ಲ."

"ನಮ್ಮ ತೊಲೆ ತಟ್ಟಿದಾಗಲೂ?" ಎಂದು ಸೊಸೆ ಕೇಳಿದಳು.

ಅತ್ತೆ ಮುಖ ಆಚೆ ತಿರುಗಿಸಿದರು. ಮಷೀನು ಕೆಳಗೆ ತಂದಿಟ್ಟುಕೊ ಎಂದ ಅವರ ಮಾತು ಸೊಸೆಗೆ ಈಗ ಅರ್ಥವಾಯಿತು. ಇವರಿಗೆ ಅನುಮಾನ ಬಂದಿತ್ತು. ಬಂದೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಮಾವ ಮೂವರ ಮುಖವನ್ನೂ ನೋಡುತ್ತಿದ್ದರು. "ಏನಂದ್ಲು ಅವಳು?" ಎಂದು ಮಗನನ್ನು ಕೇಳಿದರು. ಮಗ ತಲೆ ತಗ್ಗಿಸಿದ. ಸೊಸೆಯೇ ಎದುರಿಗೆ ಕೂತು ಹೇಳಿದಳು. ಹೇಳಬಾರದಿತ್ತೇನೋ. ಆದರೆ ಹೇಳದೆ ಮುಚ್ಚಿಟ್ಟದ್ದರಿಂದಲೇ ಇಷ್ಟಾಗಿತ್ತು.

ಆವತ್ತಿನಿಂದ ಮಾವ ಅತ್ತೆಯ ಜೊತೆ ಮಾತು ಬಿಟ್ಟರು. ಅತ್ತೆ ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅತ್ತೆ ಎದುರಿಗೆ ಬಂದು ಕೂತರೆ ತಟ್ಟೆ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ಮುಖ ನೋಡದಿದ್ದರೆ ಕಿವಿ ಕೇಳದವರಿಗೆ ಮಾತು ಮುಟ್ಟಿಸುವ ದಾರಿಯೇ ಇಲ್ಲ. ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಉಂಡರು, ಎಷ್ಟೋ ಸಲ ಉಣ್ಣಲೂ ಇಲ್ಲ.

ಕಿವಿಯ ವೈದ್ಯರು ಯಂತ್ರ ಹಾಕಿದರೆ ಮಾತು ಸ್ವಲ್ಪ ಕೇಳಬಹುದು ಎಂದರು. "ಮರದ ಸದ್ದು?" ಎಂದು ಮಾವ ಕೇಳಿದರು. ವೈದ್ಯರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ವೈದ್ಯರಲ್ಲಿಗೆ ಹೋಗಿ ಬಂದ ಮಾರನೇ ದಿನ ಮಾವ ಬೆಳಿಗ್ಗೆ ಅಂಗಿ ಹಾಕಿಕೊಂಡು ದಬ್ಬಳವನ್ನು ಜೇಬಿಗಿಟ್ಟರು. ಸೊಸೆಯನ್ನು ಕರೆದರು. "ನಂಗೆ ಕಿವಿ ಹೋದ ಮೇಲೆ ತಟ್ಟಿದ ಮನೆಗಳೆಲ್ಲ ನೆನಪಿದಾವೆ. ಜನರನ್ನ ಮರೆತೇನು, ಮರಾನ ಮರೆಯಲ್ಲ ನಾನು. ನೀನು ಬಾ. ಅವರು ಹೇಳಿದ್ದು ನಂಗೆ ತಿಳಿಸೋಕೆ ಒಬ್ಬರು ಬೇಕು."

ಹೀಗೆ ತಿರುಗಾಟ ಶುರುವಾಯಿತು. ಬಾಗಿಲಲ್ಲಿ ನಿಂತು ಮಾವ ತಾವೇ ಹೇಳುತ್ತಿದ್ದರು: "ನಂಗೆ ಕಿವಿ ಕೇಳಲ್ಲ. ಹೋದ ಸಲ ಗಟ್ಟಿ ಅಂದಿದ್ದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ನೋಡ್ಬೇಕು." ಕೆಲವರು ಒಳಗೆ ಕರೆದು ಟೀ ಕೊಟ್ಟರು. ಒಬ್ಬ ಬಾಯಿಗೆ ಬಂದ ಹಾಗೆ ಬೈದ. ಅದನ್ನು ತಿಳಿಸುವಾಗ ಸೊಸೆ, "ಜೋಪಾನ ಅಂದರು," ಎಂದಳು. ಮಾವ ಅವಳನ್ನೇ ದಿಟ್ಟಿಸಿದರು. "ಅವನ ಹಲ್ಲು ನಂಗೆ ಕಾಣಿಸಿತು. ನೀನೂ ಅವಳ ಹಾಗೆ ಶುರು ಮಾಡಬೇಡ," ಎಂದರು. ಅವಳು ನಾಚಿ, ಬೈದದ್ದನ್ನು ಬೈದ ಹಾಗೆಯೇ ಹೇಳಿದಳು.

ಬಹಳ ಮನೆಗಳಲ್ಲಿ ಮರ ನಿಜವಾಗಿಯೂ ಗಟ್ಟಿಯಿತ್ತು. ದಬ್ಬಳದ ಮೊನೆ ಒಳಗೆ ಇಳಿಯಲೇ ಇಲ್ಲ. ಮೆತ್ತಗಿದ್ದದ್ದು ಎಲ್ಲಿ ಬಂದ ನೀರು ಹೊರಹೋಗಲು ದಾರಿಯಿರಲಿಲ್ಲವೋ ಅಲ್ಲಿ, ಮರದ ಕೊಯ್ದ ತುದಿಗಳಲ್ಲಿ. "ಮರ ನೆನೆಯೋದು ತಪ್ಪಲ್ಲ, ಒಣಗೋಕೆ ಬಿಡದೇ ಇರೋದು ತಪ್ಪು," ಎಂದು ಮಾವ ಪ್ರತಿ ಮನೆಯಲ್ಲೂ ಹೇಳಿದರು. "ಮೈಗಿಂತ ಹೆಚ್ಚು ತುದಿಯಿಂದ ನೀರು ಕುಡಿಯುತ್ತೆ ಅದು. ಮೊದಲು ತುದಿ ನೋಡಿ." ಶಿಶುವಿಹಾರದ ಕಂಬಗಳ ಬುಡ ಕೊಯ್ದು ತೆಗೆದು, ಮಣ್ಣಿಗೆ ತಾಗದಂತೆ ಕಬ್ಬಿಣದ ಪಾದದ ಮೇಲೆ ಹೊಸ ಮರ ನಿಲ್ಲಿಸಿದ್ದಾಯಿತು. ಮನೆಯಲ್ಲಿ ಗಂಡ ದೋಣಿ ಬದಲಿಸಿದ, ತೊಲೆಗಳ ಹೊಳಪು ಬಣ್ಣವನ್ನು ಕೆರೆದು ತೆಗೆದ, ಬಿಸಿಲಿಗೆ ಗೋಡೆ ಒಣಗಲೆಂದು ಕಾದ. ಆಮೇಲೆ ಹೊಸ ತೊಲೆಯ ತುದಿಗೆ ಕುಡಿಯುವಷ್ಟೂ ಅಗಸೆ ಎಣ್ಣೆ ಕುಡಿಸಿ, ಸುತ್ತ ಗಾಳಿಯಾಡಲು ಸಂದು ಬಿಟ್ಟು ಗೋಡೆಗೆ ಕೂಡಿಸಿದ. ಸೊಸೆ ಈ ಸಲ ಏಣಿ ಹಿಡಿದು ನಿಂತು ಏನೂ ಹೇಳಲಿಲ್ಲ. ಅವನೇ ಕೆಳಗೆ ನೋಡಿ, "ಸರೀನಾ?" ಎಂದು ಕೇಳಿದ.

ಉಳಿದದ್ದು ಬೇಕರಿಯವನ ಮನೆ. ಆವತ್ತು ಹೊರಡುವಾಗ ಮಾವ ಹೊಸ್ತಿಲಲ್ಲಿ ನಿಂತು, ಯಾರನ್ನೂ ನೋಡದೆ, "ಇವತ್ತು ಅವಳೂ ಬರಲಿ," ಎಂದರು. "ಇಷ್ಟು ದಿನ ನನ್ನ ಬದಲು ಅವಳೇ ಮಾತಾಡಿದ್ದು. ಇದನ್ನೂ ಅವಳೇ ಹೇಳಲಿ."

ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಬಿಟ್ಟು ಹೊರಟರು. ದಾರಿಯುದ್ದಕ್ಕೂ ಇಬ್ಬರ ನಡುವೆ ಸೊಸೆ ನಡೆದಳು.

ಬೇಕರಿಯ ಪಕ್ಕದಿಂದ ಮೇಲಿನ ಮನೆಗೆ ಹೊರಗಡೆಯೇ ಮರದ ಮೆಟ್ಟಿಲು. ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದ. "ಏನ್ ಮೇಸ್ತ್ರಿ, ಎಲ್ಲರೂ ಬಂದಿದೀರಿ?"

 ಅತ್ತೆ ಮುಂದೆ ಬಂದು ಹೇಳಿದರು. "ಇವರಿಗೆ ಕಿವಿ ಕೇಳಲ್ಲ. ನಿಮ್ಮ ಮೆಟ್ಟಿಲು ತಟ್ಟಿ ಗಟ್ಟಿ ಅಂದಾಗಲೂ ಕೇಳ್ತಿರಲಿಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ಬೇಕರಿಯವನ ಕಣ್ಣು ಮೆಟ್ಟಿಲ ಕಡೆ ಹೋಯಿತು. ಎಲ್ಲರ ಕಣ್ಣೂ ಹೋಯಿತು. ಅರ್ಧ ಮೆಟ್ಟಿಲು ಇಳಿದಿದ್ದ ಅವನ ತಾಯಿ, ಒಣಗಿಸುವ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಮಾತು ಕೇಳಿ ಅಲ್ಲೇ ಕಲ್ಲಾಗಿ ನಿಂತಿದ್ದರು. ದಪ್ಪ ಹೆಂಗಸು. ಒಂದು ಕೈ ಕಟಕಟೆಯನ್ನು ಬಿಗಿಯಾಗಿ ಹಿಡಿದಿತ್ತು.

"ಅಮ್ಮ, ಅಲ್ಲಾಡಬೇಡ," ಎಂದ ಬೇಕರಿಯವನು.

ಮಾವ ಆಗಲೇ ಮೆಟ್ಟಿಲ ಬುಡಕ್ಕೆ ಹೋಗಿ ಕೂತಿದ್ದರು. ಮೆಟ್ಟಿಲುಗಳನ್ನು ಹೊತ್ತ ಪಕ್ಕದ ಹಲಗೆ ನೆಲಕ್ಕೆ ತಾಗುವಲ್ಲಿ ದಬ್ಬಳ ಒತ್ತಿದರು. ಅದು ಇಳಿಯಿತು. ಇನ್ನೂ ಇಳಿಯಿತು. 

ಮಾವ ದಬ್ಬಳ ಬಿಟ್ಟು, ಹಲಗೆಯ ಅಡಿಗೆ ನುಗ್ಗಿ, ಎರಡೂ ಕೈಯನ್ನು ಮೊಣಕಾಲಿಗೆ ಊರಿ ಹೆಗಲು ಕೊಟ್ಟರು. ಬೇಕರಿಯವನು ಇನ್ನೊಂದು ಬದಿಗೆ ಹಾರಿ ಹೆಗಲು ಕೊಟ್ಟ. ಮಾವನ ಕತ್ತಿನ ನರ ಉಬ್ಬಿತು. ಅವರು ಕತ್ತು ತಿರುಗಿಸಿ, ಎಷ್ಟೋ ದಿನಗಳ ಮೇಲೆ ಅತ್ತೆಯ ಮುಖ ನೋಡಿದರು.

"ನೀನು ಹೋಗಿ ಅವರ ಕೈ ಹಿಡಿದು ಇಳಿಸು. ಇಲ್ಲಿಂದ ನಂಗೆ ಕಾಣಿಸಲ್ಲ, ಕೇಳಿಸಲ್ಲ. ಇಳಿದ ಮೇಲೆ ನನ್ನ ಮುಟ್ಟಿ ಹೇಳು."

ಅತ್ತೆ ಅಂಚು ಹಿಡಿದು, ಗೋಡೆ ಬದಿಯಲ್ಲೇ ಹೆಜ್ಜೆಯಿಟ್ಟು ಹತ್ತಿದರು. "ಬುಟ್ಟಿ ಬಿಡಿ ಅಕ್ಕ. ಬೀಳಲಿ ಬಿಡಿ. ನನ್ನ ಕಡೆ ನೋಡಿ," ಎನ್ನುವುದು ಸೊಸೆಗೆ ಕೇಳಿಸಿತು. ಬುಟ್ಟಿ ಉರುಳಿ ಒದ್ದೆ ಬಟ್ಟೆಯೆಲ್ಲ ಅಂಗಳಕ್ಕೆ ಚೆಲ್ಲಿತು. ಹಲಗೆ ನರಳಿತು. ಮಾವನ ಮುಖದಲ್ಲಿ ಆ ಸದ್ದಿನ ಸುಳಿವೂ ಇರಲಿಲ್ಲ. ಒಂದು ಮೆಟ್ಟಿಲು, ಮತ್ತೊಂದು. ಸೊಸೆ ಕೆಳಗಿನಿಂದ ಕೈ ಚಾಚಿ ಆ ತಾಯಿಯನ್ನು ನೆಲಕ್ಕೆ ಎಳೆದುಕೊಂಡಳು. ಬೇಕರಿಯವನು ಹೆಗಲು ಬಿಟ್ಟು ಓಡಿಬಂದು ತಾಯಿಯನ್ನು ತಬ್ಬಿದ.

ಮಾವ ಮಾತ್ರ ಹಾಗೆಯೇ ನಿಂತಿದ್ದರು. ಇಡೀ ಭಾರ ತಮ್ಮೊಬ್ಬರ ಹೆಗಲ ಮೇಲೆ ಬಂದದ್ದು ಅವರಿಗೆ ಗೊತ್ತಾಗಿರಬೇಕು, ಕಾಲು ನಡುಗುತ್ತಿತ್ತು. ಆದರೂ ಕದಲಲಿಲ್ಲ. ಕೊನೆಯ ಮೆಟ್ಟಿಲಿಳಿದು ಅತ್ತೆ ಅವರ ಹಿಂದೆ ಹೋದರು. ಬೆವರಿನಿಂದ ನೆನೆದ ಅಂಗಿಯ ಮೇಲೆ, ಬೆನ್ನ ನಡುವೆ, ಅಂಗೈಯಿಟ್ಟರು.

ಆಗ ಮಾವ ಹೆಗಲು ತೆಗೆದರು.